ಗುರುತು ಅದೇ, ಗೌಡರು ಬ್ಯಾರೆ

(ಮಾತಾಡುತ್ತಿರುವುದು ಬಳಗಾನೂರಿನ ಸರ್ಕಾರಿ ಶಾಲೆಯೊಂದರ ಟೇಬಲ್ಲು. ವರ್ಷವೆಲ್ಲ ಹಾಜರಿ ಪುಸ್ತಕ ಹೊರುತ್ತದೆ, ಚುನಾವಣೆ ಬಂದರೆ ಮತಯಂತ್ರ. ಒಂದು ಕಾಲು ಗಿಡ್ಡ, ಅದರಡಿ ಮಡಿಚಿದ ರಟ್ಟು.)

ಇಲ್ಲಿ ಮತದಾರರ ಒಲವು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ?

ಎಲ್ಲಿ ಬದಲಾಗೇತ್ರಿ? ನಮ್ಮ ಮಸ್ಕಿ ವಿಧಾನಸಭಾ ಕ್ಷೇತ್ರದಾಗ 2013, 2018, 2021ರ ಉಪಚುನಾವಣೆ, 2023, ನಾಕೂ ಸಲ ಕಾಂಗ್ರೆಸ್ಸಿನ ಕೈ. ಸ್ಕೇಲ್ ಹಿಡಿದು ಗೆರಿ ಎಳದಂಗ ನೆಟ್ಟಗೈತಿ.

ಹಾಗಾದರೆ ಗಟ್ಟಿ ಕ್ಷೇತ್ರ ಅನ್ನಿ.

ಗೆರಿ ಮ್ಯಾಲ ಕುಂತವರು ಯಾರಂತ ಕೇಳ್ರಿ. 2008ರಾಗ ಕ್ಷೇತ್ರ ಹುಟ್ಟಿದಾಗ ಪ್ರತಾಪಗೌಡ ಪಾಟೀಲರು ಬಿಜೆಪಿಯ ಕಮಲದಿಂದ ಗೆದ್ರು. ಆಮ್ಯಾಲ ಎರಡು ಸಲ ಕೈಯಿಂದ. 2018ರಾಗ ಕಮಲದ ಬಸನಗೌಡ ತುರವಿಹಾಳರನ್ನ ಸೋಲಿಸಿದ್ದು ಬರೇ 213 ಮತದಿಂದ. ತುರವಿಹಾಳರು ಹೈಕೋರ್ಟಿಗೆ ಹೋದ್ರು. ಅಷ್ಟರಾಗ 2019ರಾಗ ಪಾಟೀಲರು ರಾಜೀನಾಮೆ ಒಗದು ಕಮಲದ ಕಡೆ ಹೊಂಟ್ರು. ಅಂದ್ರ ಕಮಲದವರು ಹಾಕಿದ ಕೇಸು ಕಮಲಕ್ಕ ಬಂದವರ ಮ್ಯಾಲೇ! ಆ ಕೇಸಿನ ಸಲುವಾಗಿ, ಹಂಗೇ ಖಾಲಿಯಾದ ಬ್ಯಾರೆ 15 ಕ್ಷೇತ್ರಗಳ ಜೋಡಿ ಡಿಸೆಂಬರದಾಗ ನಮ್ಮ ಉಪಚುನಾವಣೆ ಆಗಲೇ ಇಲ್ಲ. ಕಡೀಗೆ ತುರವಿಹಾಳರು ಕೈ ಹಿಡಿದ್ರು, 2021ರಾಗ ಪಾಟೀಲರ ವಿರುದ್ಧ 30 ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ರು. 2023ರಾಗೂ ಅದೇ ಜೋಡಿ, ಅದೇ ಫಲಿತಾಂಶ.

213 ಎಲ್ಲಿ, 30 ಸಾವಿರ ಎಲ್ಲಿ! ಕಾರಣ?

ನೀರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕಂತ ರೈತರು ಪಾಮನಕಲ್ಲೂರಿನಾಗ ಧರಣಿ ಕುಂತಿದ್ರು. ಪಕ್ಷ ಜಿಗಿದವರಿಗೆ ಪಾಠ ಅಂತ ಪ್ಯಾಟಿಯವರು ಬರದ್ರು. ಜಿಗಿದವರು ಇಬ್ರೂ ಅಲ್ರೀ?

ಮತದಾರರಿಗೆ ಗೊಂದಲ ಆಗಲಿಲ್ಲವೇ?

ಗೊಂದಲ ಭಾಷಣದವರಿಗೆ. ಹೋದ ಸಲ ಬೈದ ಬಾಯಿಲೇ ಈ ಸಲ ಹೊಗಳಬೇಕಲ್ಲ. ಮಂದಿಗೇನು? ಗುಳೆ ಹೋದವರು ಬೆಂಗಳೂರಿಂದ ಕ್ರೂಸರಿನಾಗ ಇಳಿದು ಸೀದಾ ಬಂದ್ರು. ಒಬ್ಬಾಕಿ ಅಜ್ಜಿ ಮರೆಯೊಳಗ ಬಂದು ನನ್ನ ಅಂಚು ಹಿಡಕೊಂಡು ಬಾಳೊತ್ತು ನಿಂತ್ಲು. ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದು ಬಟನ್ ಒತ್ತಿದ್ಲು.

ಯಾವ ಬಟನ್?

ಮತ ಗುಪ್ತರೀ.

ಲೋಕಸಭೆಗೆ?

ಕೊಪ್ಪಳ ಕ್ಷೇತ್ರ. 2009, 2014, 2019 ಕಮಲ, 2024 ಕೈ. ಕ್ವಾಣಿ ಅದೇ, ಟೇಬಲ್ಲೂ ಅದೇ.

ಒಂದೇ ಪಕ್ಷಕ್ಕೆ ಅಂಟಿಕೊಂಡ ಜಾಗ ಬೇರೆಡೆಯೂ ಇತ್ತು. ಅಮೆರಿಕದ ಕೆಂಟಕಿಯಲ್ಲಿ ಎಲಿಯಟ್ ಅಂತ ಒಂದು ಹಳ್ಳಿಗಾಡಿನ ಕೌಂಟಿ. 1869ರಲ್ಲಿ ಹುಟ್ಟಿದ್ದು, 2012ರವರೆಗೂ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೇ ಮತ. 2016ರಲ್ಲಿ ಟ್ರಂಪ್ ಕಡೆ ವಾಲಿತು.

ಪಾಪ, ಅಷ್ಟು ವರ್ಷ ಕಾದು ಮಂದಿನೇ ಬದಲಾಗಬೇಕಾತು. ನಮ್ಮಲ್ಲಿ ಮಂದಿಗೆ ಆ ತ್ರಾಸು ಕೊಡಂಗಿಲ್ಲ, ನಾಯಕರೇ ಮುಗಸಿಬಿಡ್ತಾರ.

ನೀವು ಪಕ್ಷ ಬದಲಿಸುವಿರಾ?

ನಾನು ಶಿಕ್ಷಣ ಇಲಾಖೆ ಸಾಮಾನು. ಈ ಸಾಲಿ ಬಿಟ್ಟು ಬಾಜೂ ಸಾಲಿಗೆ ಹೋಗಬೇಕಂದ್ರ ಬಿಇಓ ಸಾಹೇಬರ ಆದೇಶ ಬೇಕು, ದಾಸ್ತಾನು ಪುಸ್ತಕದಾಗ ನಮೂದು ಆಗಬೇಕು, ಎರಡೂ ಕಡೆ ಹೆಡ್‌ಮಾಸ್ತರ ಸಹಿ ಬೀಳಬೇಕು. ನಾನೇನು ಶಾಸಕನೇನ್ರೀ?