ಅನುಶಕಟ ಮೀಮಾಂಸೆ: ಪ್ರಥಮ ಪ್ರಕರಣ

ಪಿಕಪ್ ವಾಹನದ ಹಿಂದೆ ಮನೆಯೊಂದನ್ನು ಕಟ್ಟಿಕೊಂಡು ಸಾವಿರಾರು ಮೈಲಿ ಸಂಚರಿಸುವ ಪದ್ಧತಿ ಅಮೆರಿಕದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ವಾಲಿ ಬಯಮ್ ಎಂಬ ಪ್ರವರ್ತಕನು 1931ರಲ್ಲಿ ಏರ್‌ಸ್ಟ್ರೀಮ್ ಸಂಸ್ಥೆಯನ್ನು ಸ್ಥಾಪಿಸಿದನು. 1936ರಲ್ಲಿ ಅಲ್ಯೂಮಿನಿಯಂ ಕವಚದ ಕ್ಲಿಪ್ಪರ್ ಎಂಬ ಟ್ರೇಲರು ಅವತರಿಸಿತು. 1959ರಲ್ಲಿ ಆತನೇ ಟ್ರೇಲರುಗಳ ಸಾರ್ಥವೊಂದನ್ನು ಕೇಪ್‌ಟೌನಿನಿಂದ ಕೈರೋ ನಗರದತ್ತ ಹೊರಡಿಸಿದನು. ಪ್ರಯೋಗವು ಇಷ್ಟು ವಿಪುಲವಾಗಿ ನಡೆದಿದ್ದರೂ ತದ್ವಿಷಯಕವಾದ ಲಕ್ಷಣಗ್ರಂಥವೊಂದು ಇಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಕ್ಯಾಲಿಫೋರ್ನಿಯಾದ ಕನ್ನಡ ಗೃಹಸ್ಥರೂ ಈಚೆಗೆ ಟ್ರೇಲರನ್ನು ಕೊಂಡೋ ಬಾಡಿಗೆಗೆ ಪಡೆದೋ ಯೆಲ್ಲೋಸ್ಟೋನ್, ಗ್ಲೇಸಿಯರ್ ಮುಂತಾದ ಕ್ಷೇತ್ರಗಳಿಗೆ ದೀರ್ಘಯಾನ ಯೋಜಿಸುತ್ತಿರುವುದರಿಂದ, ಆ ಗ್ರಂಥವು ಕನ್ನಡದಲ್ಲಿಯೇ ಮೊದಲು ಹುಟ್ಟುವುದು ನ್ಯಾಯ್ಯ.

ಮೊದಲು ಲಕ್ಷಣ. ಸ್ವಯಂಗತಿ ಇಲ್ಲದೆ, ಶಯನ-ಪಾಕ-ಶೌಚಗಳಿಗೆ ಆಶ್ರಯವಾಗಿ, ಅನ್ಯವಾಹನದ ಪುಚ್ಛಕ್ಕೆ ಲಗ್ನವಾಗಿರುವುದೇ ಅನುಶಕಟ. 'ಸ್ವಯಂಗತಿ ಇಲ್ಲದೆ' ಎಂಬ ವಿಶೇಷಣವನ್ನು ಬಿಟ್ಟರೆ, ಮತ್ತೊಂದು ವಾಹನದ ಹಿಂದೆ ಕಟ್ಟಿ ಎಳೆಸಿಕೊಳ್ಳುತ್ತಿರುವ ಕೆಟ್ಟ ಮೋಟಾರ್‌ಹೋಮಿನಲ್ಲಿ ಅತಿವ್ಯಾಪ್ತಿ ಬರುತ್ತದೆ. 'ಶಯನ-ಪಾಕ-ಶೌಚ' ಎಂಬುದನ್ನು ಬಿಟ್ಟರೆ ದೋಣಿ ಹೊತ್ತ ಗಾಡಿಯಲ್ಲಿ ಅತಿವ್ಯಾಪ್ತಿ. 'ಪುಚ್ಛ' ಎಂದದ್ದರಿಂದ, ಪಿಕಪ್ಪಿನ ಬೆನ್ನಿನ ಮೇಲೆಯೇ ಕೊಂಡಿ ಊರುವ ಫಿಫ್ತ್ ವೀಲ್ ಎಂಬ ಜಾತಿಗೆ ನಿವಾರಣೆಯಾಯಿತು. ಆದರೆ ಶಿಬಿರದಲ್ಲಿ ಕೊಂಡಿ ಕಳಚಿ ನಿಲ್ಲಿಸಿದ ಟ್ರೇಲರು ಯಾವ ಪುಚ್ಛಕ್ಕೂ ಲಗ್ನವಾಗಿಲ್ಲವಾದ್ದರಿಂದ, ರಾತ್ರಿ ಅದರೊಳಗೆ ಮಲಗಿರುವ ಕುಟುಂಬವು ಅನುಶಕಟದಲ್ಲಿ ಮಲಗಿಲ್ಲವೆಂಬ ಅವ್ಯಾಪ್ತಿ ಒದಗುತ್ತದೆ. ಅದರ ಪರಿಹಾರಾರ್ಥವಾಗಿ 'ಲಗ್ನ' ಎಂಬಲ್ಲಿ 'ಲಗ್ನವಾಗಲು ಯೋಗ್ಯ' ಎಂದು ತಿದ್ದಿಕೊಳ್ಳತಕ್ಕದ್ದು. ಕುಟುಂಬವು ನಿಶ್ಚಿಂತೆಯಿಂದ ನಿದ್ರಿಸಬಹುದು.

ಇನ್ನು ಕರ್ತೃತ್ವ. ಈ ಯಾನದಲ್ಲಿ ಎಳೆಯುವವರು ಯಾರು? ವೈಯಾಕರಣರ ಮತದಲ್ಲಿ ಸ್ವತಂತ್ರನಾದವನೇ ಕರ್ತೃ. ಚಾಲಕನ ಸ್ವಾತಂತ್ರ್ಯವನ್ನು ಪರೀಕ್ಷಿಸೋಣ. ಆತನ ವೇಗವನ್ನು ನಿರ್ಣಯಿಸುವುದು ಬಾಲ: ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರು ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯ ಮಿತಿ. ಇಂಧನವನ್ನು ನಿರ್ಣಯಿಸುವುದೂ ಬಾಲವೇ. ಗ್ಯಾಲನ್ನಿಗೆ ಓಡುವ ಮೈಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪೆಟ್ರೋಲ್ ಬಂಕುಗಳು ಕೂಡ ಬೆಲೆಯ ದೃಷ್ಟಿಯಿಂದ ಭಿನ್ನವಾಗುವುದನ್ನು ಬಿಟ್ಟು ನಿರ್ಗಮ್ಯ (ರಿವರ್ಸ್ ಇಲ್ಲದೆ ಹೊರಬರಬಹುದಾದವು), ಅನಿರ್ಗಮ್ಯ ಎಂದು ಎರಡೇ ವರ್ಗಗಳಾಗಿ ತೋರತೊಡಗುತ್ತವೆ. ದಿನಕ್ಕೆ 300 ಮೈಲಿ ಮೀರಬಾರದು, ಮಧ್ಯಾಹ್ನ 3 ಗಂಟೆಯೊಳಗೆ ತಂಗುದಾಣ ಸೇರಬೇಕು, ಒಂದೆಡೆ 3 ರಾತ್ರಿ ಇರಬೇಕು ಎಂಬ ತ್ರಿಕನಿಯಮವೊಂದು ಅನುಭವಿಗಳಲ್ಲಿ ಬಳಕೆಯಲ್ಲಿದೆ. ಹೀಗಿರುವಾಗ ಚಾಲಕನು ಕೇವಲ ಕರಣ. ಪುಚ್ಛಾಧೀನಂ ಗಮನಮ್: ಗಮನವು ಬಾಲಕ್ಕೆ ಅಧೀನ. ಇದೇ ಶಾಸ್ತ್ರದ ಪ್ರಥಮ ಸೂತ್ರ. ಮುಂದಿನದೆಲ್ಲ ಇದರ ವಿವರಣೆ.

ಭಾರಪ್ರಕರಣ. ಭಾರವು ಚತುರ್ವಿಧ: ಶುಷ್ಕಭಾರ, ಪರಮಭಾರ, ಜಿಹ್ವಾಭಾರ, ಅನುಕ್ತಭಾರ. ನೀರಿಲ್ಲದೆ, ಸಾಮಾನಿಲ್ಲದೆ, ಮನುಷ್ಯಸಂಪರ್ಕವಿಲ್ಲದೆ ಮಾರಾಟದ ಪತ್ರಿಕೆಯಲ್ಲಿ ಅಚ್ಚಾದುದು ಶುಷ್ಕಭಾರ. ಬಳಕೆಯಲ್ಲಿರುವ ಯಾವ ಟ್ರೇಲರಿನಲ್ಲಿಯೂ ಇದು ಉಪಲಬ್ಧವಾಗುವುದಿಲ್ಲ. ಮೀರಬಾರದ ಗರಿಷ್ಠಮಿತಿ ಪರಮಭಾರ. ಟ್ರೇಲರಿನ ಮೂತಿಯು ಹಿಚ್ಚಿನ ಗುಂಡಿನ ಮೇಲೆ ಒತ್ತುವ ಭಾರವು ಜಿಹ್ವಾಭಾರ. ಇದು ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು. ಲೆಕ್ಕವೆಲ್ಲ ಮುಗಿದ ಮೇಲೆ ಕುಟುಂಬ ಸದಸ್ಯರು ಒಬ್ಬರಿಗೊಬ್ಬರು ಹೇಳದೆ ಸೇರಿಸುವುದು ಅನುಕ್ತಭಾರ.

ಉದಾಹರಣೆ. 5,000 ಪೌಂಡಿನ ಟ್ರೇಲರು, ಜಿಹ್ವಾಭಾರ 650. ಪಿಕಪ್ಪಿನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಹೊರಬಲ್ಲ ಭಾರ 1,400 ಎಂದಿದೆ. ಅದರಿಂದ ಜಿಹ್ವಾಭಾರವನ್ನೂ ನಾಲ್ವರ ಕುಟುಂಬಕ್ಕೆ 600ನ್ನೂ ಕಳೆದರೆ ಶೇಷ 150. ಇದರೊಳಗೆ ಪಿಕಪ್ಪಿನ ಹಿಂಬದಿಗೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ, ಕುಕ್ಕರು, ಮಿಕ್ಸಿ, ಇಡ್ಲಿ ಸ್ಟ್ಯಾಂಡು ಹಿಡಿಯುತ್ತವೆ. ಆದರೆ ದೀರ್ಘಯಾನದ ಋತುವು ಬೇಸಿಗೆ. ಮೈಸೂರಿನಿಂದ ಅತ್ತೆ-ಮಾವ ಬಂದಿಳಿಯುವ ಋತುವೂ ಅದೇ. ಅವರಿಬ್ಬರಿಗೆ 280 ಎಂದಿಟ್ಟುಕೊಂಡರೆ ಶೇಷವು ಋಣಸಂಖ್ಯೆಯಾಗುತ್ತದೆ. ಇಲ್ಲಿ ಪರಿಹಾರ ಎರಡು: ಟ್ರೇಲರನ್ನು ಚಿಕ್ಕದಾಗಿಸುವುದು, ಪಿಕಪ್ಪನ್ನು ದೊಡ್ಡದಾಗಿಸುವುದು. ಮೂರನೆಯ ಪರಿಹಾರವು ಗಣಿತದಲ್ಲಿ ಸಿದ್ಧವಾಗಿದ್ದರೂ ಧರ್ಮಶಾಸ್ತ್ರವಿರುದ್ಧವಾದ್ದರಿಂದ ನಿರೂಪಿಸಿಲ್ಲ.

ಟ್ರೇಲರಿನೊಳಗಿನ ಸಾಮಾನಿನ ಸ್ಥಾನವೂ ವಿಚಾರಣೀಯ. ಶೇ. 60ರಷ್ಟು ಮುಂಭಾಗದ ಅರ್ಧದಲ್ಲಿರಬೇಕು. ಎರಡನೆಯ ಅಕ್ಕಿಚೀಲವನ್ನು ಚಕ್ರದ ಅಚ್ಚಿಗಿಂತ ಹಿಂದಿಟ್ಟರೆ ಜಿಹ್ವಾಭಾರವು ಕುಗ್ಗಿ, ಹೆದ್ದಾರಿಯ ವೇಗದಲ್ಲಿ ಟ್ರೇಲರು ಅತ್ತಿತ್ತ ಓಲಾಡುವ ಆಂದೋಲನದೋಷ ಸಂಭವಿಸುತ್ತದೆ. ಆದ್ದರಿಂದ ಅಕ್ಕಿಯು ಪೂರ್ವಾರ್ಧದಲ್ಲಿ, ಹಪ್ಪಳವು ಉತ್ತರಾರ್ಧದಲ್ಲಿ. ಉಪ್ಪಿನಕಾಯಿ ಭರಣಿಯು ಅಚ್ಚಿನ ಮೇಲೆ, ಮಧ್ಯಸ್ಥವಾಗಿ. ನೀರಿನ ವಿಷಯದಲ್ಲಿ ಗ್ಯಾಲನ್ನಿಗೆ 8.3 ಪೌಂಡು ಲೆಕ್ಕ. ನಲವತ್ತು ಗ್ಯಾಲನ್ ತುಂಬಿಕೊಂಡು ಹೊರಡುವುದೆಂದರೆ ಅತ್ತೆ-ಮಾವ ಇಬ್ಬರನ್ನೂ ಮೀರಿಸುವ ತೂಕವನ್ನು ಹೊರುವುದು. ನೀರನ್ನು ತಂಗುದಾಣದಲ್ಲಿ ತುಂಬಿಕೊಳ್ಳಬಹುದು ಎಂಬ ವ್ಯತ್ಯಾಸವನ್ನು ಮಾತ್ರ ಇಲ್ಲಿ ಸೂಚಿಸಲಾಗಿದೆ.

ಮಾರ್ಗಾವರೋಧಗಳು ನಾಲ್ಕು. ಒಂದು, ಊರ್ಧ್ವಾವರೋಧ. ನಾರ್ತ್ ಕೆರೊಲೈನಾದ ಡರಮ್ ನಗರದಲ್ಲಿ ರೈಲುಸೇತುವೆಯೊಂದು 11 ಅಡಿ 8 ಅಂಗುಲ ಎತ್ತರದಲ್ಲಿದ್ದು, ಅಸಂಖ್ಯ ವಾಹನಗಳ ಮಾಳಿಗೆಯನ್ನು ಸುಲಿದು ಖ್ಯಾತವಾಯಿತು, 2019ರಲ್ಲಿ ಅದನ್ನು ಎಂಟು ಅಂಗುಲ ಎತ್ತರಿಸಿದರು, ಡಿಕ್ಕಿಗಳು ನಿಲ್ಲಲಿಲ್ಲ. ಎರಡು, ದೈರ್ಘ್ಯಾವರೋಧ. ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ಪರ್ವತಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಎಳೆಯುವ ವಾಹನವೂ ಆ ಲೆಕ್ಕಕ್ಕೆ ಸೇರಿರುವುದರಿಂದ, ಯಾವ ರಸ್ತೆಯನ್ನು ಕಾಣಲೆಂದು ಟ್ರೇಲರನ್ನು ಕೊಂಡರೋ ಆ ರಸ್ತೆಯನ್ನು ಕಾಣಲು ಟ್ರೇಲರನ್ನು ಬಿಟ್ಟು ಹೋಗಬೇಕು. ಮೂರು, ದ್ರವ್ಯಾವರೋಧ. ಬಾಲ್ಟಿಮೋರ್ ಬಂದರಿನ ಸುರಂಗಗಳಲ್ಲಿ ಹತ್ತು ಪೌಂಡು ಮೀರಿದ ಪ್ರೊಪೇನ್ ಸಿಲಿಂಡರು ನಿಷಿದ್ಧ. ಟ್ರೇಲರಿನ ಮೂತಿಯ ಮೇಲೆ ಸಾಮಾನ್ಯವಾಗಿ ಇಪ್ಪತ್ತು ಪೌಂಡಿನವು ಎರಡಿರುತ್ತವೆ. ನಾಲ್ಕು, ಆರೋಹಾವರೋಧ. ಕೊಲರಾಡೋದ ಐಸೆನ್‌ಹೋವರ್ ಸುರಂಗವು 11,000 ಅಡಿಗೂ ಮೇಲಿದೆ, ಮತ್ತು ಟರ್ಬೊ ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿಗೆ ಶೇ. 3ರಷ್ಟು ಬಲವನ್ನು ಕಳೆದುಕೊಳ್ಳುತ್ತದೆ. ಇಳಿಜಾರನ್ನು ಅವರೋಧವೆಂದು ಗಣಿಸಿಲ್ಲ. ಅಲ್ಲಿ ತೊಡಕು ನಿಲ್ಲುವುದರಲ್ಲಿದೆ.

ಈಗ ಶಾಸ್ತ್ರದ ಹೃದಯಭಾಗವಾದ ಶಿಬಿರಾಭಾವ ನಿರೂಪಣೆ. ಸರ್ಕಾರಿ ಉದ್ಯಾನಗಳ ತಂಗುದಾಣಗಳನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಬಹಳಷ್ಟು ಕಡೆ ಈ ಅವಧಿ ಆರು ತಿಂಗಳು. ಯೊಸೆಮಿಟಿ ಕಣಿವೆಯಲ್ಲಿ ಐದು ತಿಂಗಳು ಮುಂಚೆ, ತಿಂಗಳ 15ನೆಯ ತಾರೀಖು ಪೆಸಿಫಿಕ್ ಕಾಲಮಾನ ಬೆಳಿಗ್ಗೆ 7 ಗಂಟೆಗೆ ಕಿಟಕಿ ತೆರೆಯುತ್ತದೆ. ತಾರ್ಕಿಕರು ಹೇಳುವ ನಾಲ್ಕು ಅಭಾವಗಳೂ ಈ ಒಂದೇ ಮುಂಜಾವಿನಲ್ಲಿ ಗೋಚರಿಸುತ್ತವೆ. 6 ಗಂಟೆ 59 ನಿಮಿಷದವರೆಗೆ ಇರುವುದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತವಿದೆ. 7 ಗಂಟೆ ಕಳೆದು ಕೆಲವು ನಿಮಿಷಗಳಾದ ಮೇಲೆ ಇರುವುದು ಪ್ರಧ್ವಂಸಾಭಾವ. ಇದಕ್ಕೆ ಆದಿಯಿದೆ, ಅಂತವಿಲ್ಲ. ಇವೆರಡರ ನಡುವೆ ಶಿಬಿರಭಾವವಿತ್ತೆಂಬುದನ್ನು ಅನುಮಾನದಿಂದಲೇ ಅರಿಯಬೇಕು, ಏಕೆಂದರೆ ಕಾಫಿಗೆ ಡಿಕಾಕ್ಷನ್ ಇಳಿಸಲು ಎದ್ದು ಹೋದ ಗೃಹಸ್ಥನಿಗೆ ಅದರ ಪ್ರತ್ಯಕ್ಷವಾಗುವುದಿಲ್ಲ. ನಲವತ್ತು ಅಡಿಯ ಟ್ರೇಲರಿಗೆ ತಕ್ಕ ಜಾಗವು ಹಿಂದೆಯೂ ಇರದ, ಮುಂದೆಯೂ ಇರದ ಪುಟ್ಟ ಶಿಬಿರಗಳಲ್ಲಿರುವುದು ಅತ್ಯಂತಾಭಾವ. 'ಡೇರೆಗೆ ಮಾತ್ರ' ಎಂದು ಗುರುತಿಸಿದ ಜಾಗವು ಟ್ರೇಲರಿನ ಜಾಗವಲ್ಲ ಎಂಬಲ್ಲಿ ಅನ್ಯೋನ್ಯಾಭಾವ. ಹಣ ಪಾವತಿಯಾದ ಮೇಲೆ ಈ ಅಭಾವವನ್ನು ಓದಿ ತಿಳಿಯುವವರೇ ಹೆಚ್ಚು.

ಆದರೆ ತೊಡಕೊಂದಿದೆ. ಯಾರೋ ಕಾದಿರಿಸಿದ್ದನ್ನು ರದ್ದುಮಾಡಿದರೆ, ಅಂತವಿಲ್ಲವೆಂದ ಪ್ರಧ್ವಂಸಾಭಾವಕ್ಕೆ ಅಂತ ಬಂದಂತಾಗಿ ಸಿದ್ಧಾಂತವೇ ಕುಸಿಯುತ್ತದೆ. ಹುಟ್ಟುವುದೂ ಅಳಿಯುವುದೂ ಉಳ್ಳ ಸಾಮಯಿಕಾಭಾವವೆಂಬ ಐದನೆಯದನ್ನು ಕೆಲವು ನೈಯಾಯಿಕರು ಒಪ್ಪುತ್ತಾರೆ. ಉಳಿದವರು ಅದನ್ನು ಅನಗತ್ಯವೆಂದು ತಳ್ಳಿದ್ದಾರೆ. ತಳ್ಳಿದವರು ಜುಲೈ ತಿಂಗಳಿಗೆ ಯೊಸೆಮಿಟಿಯಲ್ಲಿ ಜಾಗ ಹುಡುಕಿದವರಲ್ಲ. ಈ ಶಾಸ್ತ್ರದಲ್ಲಿ ಐದನ್ನೂ ಅಂಗೀಕರಿಸಲಾಗಿದೆ. ಕಾದಿರಿಸುವಿಕೆಯೇ ಬೇಡದ, ಕೇಂದ್ರ ಭೂಇಲಾಖೆಯ ಮರುಭೂಮಿಗಳಲ್ಲಿ ನೀರು-ವಿದ್ಯುತ್ತುಗಳಿಲ್ಲದೆ ನಿಲ್ಲುವ ನಿರವಲಂಬ ಶಿಬಿರವೂ ಉಂಟು. ಸಾಮಾನ್ಯವಾಗಿ 28 ದಿನಗಳಲ್ಲಿ 14 ದಿನದ ಮಿತಿ. ಅಲ್ಲಿರುವುದು ಜಾಗವೊಂದೇ, ಉಳಿದೆಲ್ಲದರ ಅಭಾವ.

ಜಾಗ ದೊರೆತ ಮೇಲೆ ಅದರೊಳಗೆ ಹಿಮ್ಮುಖವಾಗಿ ಪ್ರವೇಶಿಸಬೇಕು. ಇದು ಪ್ರತಿಗಮನ. ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರು ಎಡಕ್ಕೆ ಹೋಗುತ್ತದೆ. ಚಕ್ರದ ಕೆಳತುದಿಯನ್ನು ಹಿಡಿದರೆ ಕೈ ಹೋದತ್ತ ಬಾಲ ಹೋಗುವುದೆಂಬ ಉಪಾಯ ಪ್ರಸಿದ್ಧ. ಚಾಲಕನಿಗೆ ಹಿಂಬದಿಯ ಪ್ರತ್ಯಕ್ಷವಿಲ್ಲ. ಕನ್ನಡಿಯಿಂದ ದೊರೆಯುವುದು ಅರ್ಧಜ್ಞಾನ. ಹೀಗಾಗಿ ಕೆಳಗಿಳಿದು ನಿಂತ ಧರ್ಮಪತ್ನಿಯ ಶಬ್ದಪ್ರಮಾಣವೊಂದೇ ಗತಿ. ಆಕೆಯ ವಾಕ್ಯಗಳು ಮೂರು ಬಗೆ. 'ರೀ, ಬನ್ನಿ, ಬನ್ನಿ, ಇನ್ನೊಂಚೂರು ಬನ್ನಿ' ಎಂಬುದು ವಿಧಿ. 'ಸಾಕು, ಸಾಕು' ಎಂಬುದು ನಿಷೇಧ. 'ಅಯ್ಯೋ' ಎಂಬುದು ಉದ್ಗಾರ. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕಷ್ಟೆ. 'ಎಡಕ್ಕೆ' ಎಂದಾಗ ಯಾರ ಎಡಕ್ಕೆ ಎಂಬ ಆಕಾಂಕ್ಷೆ ಶಮಿಸುವುದಿಲ್ಲ. ಮುಂದೆ ಬಂಡೆಯಿದ್ದು 'ಸ್ವಲ್ಪ ಮುಂದೆ ಹೋಗಿ' ಎಂದರೆ ಯೋಗ್ಯತೆಯಿಲ್ಲ. ಮೂವತ್ತು ಅಡಿ ದೂರದಿಂದ, ಏರಿಸಿದ ಗಾಜಿನಾಚೆ ನುಡಿದರೆ ಸನ್ನಿಧಿಯಿಲ್ಲ. ಮೂರು ಅಂಗಗಳ ಯಾವ ಅಪೇಕ್ಷೆಯೂ ಇಲ್ಲದೆ, ದಿಕ್ಕನ್ನೂ ಅಳತೆಯನ್ನೂ ಹೇಳದೆ ಪೂರ್ಣಾರ್ಥವನ್ನು ಬೋಧಿಸುವುದು ಉದ್ಗಾರವೊಂದೇ. ಮಗನು ಕೂಗುವ 'ಅಪ್ಪಾ, ಟೇಬಲ್' ಎಂಬುದು ಯಥಾರ್ಥವಾದರೂ ಅತೀತವಿಷಯಕವಾದ್ದರಿಂದ ಪ್ರವೃತ್ತಿಗೂ ನಿವೃತ್ತಿಗೂ ಉಪಕರಿಸದು. ಪಕ್ಕದ ಶಿಬಿರದ ಮಡಚುಕುರ್ಚಿಯಿಂದ ಎದ್ದುಬರುವ ಹಿರಿಯರು ಮತ್ತೊಂದು ದಿಕ್ಕನ್ನು ತೋರುತ್ತಾರೆ. ಇಬ್ಬರು ಆಪ್ತರ ವಚನಗಳು ವಿರೋಧಿಸಿದಾಗ ಯಾವುದು ಪ್ರಬಲವೆಂದು ತರ್ಕವು ನಿರ್ಣಯಿಸದಿದ್ದರೂ, ಯಾರ ಜೊತೆ ಊಟಮಾಡಬೇಕೋ ಅವರ ವಚನವೇ ಪ್ರಬಲವೆಂಬುದು ನಮ್ಮ ಪಕ್ಷ.

ನಿಂತ ಮೇಲೆ ರಸಮಟ್ಟವಿಟ್ಟು ಸಮತಲ ನೋಡಬೇಕು. ಅಮೋನಿಯ ಬಳಸುವ ಹಳೆಯ ಬಗೆಯ ಫ್ರಿಜ್ಜು ಓರೆಯಾಗಿ ನಿಂತರೆ ಕೆಡುತ್ತದೆ. ಒಗ್ಗರಣೆಗೆ ಮೊದಲು ಮೇಲಿನ ಗಾಳಿಗಂಡಿಯನ್ನು ತೆರೆಯಬೇಕು. ಮೆಣಸಿನಕಾಯಿಯ ಹೊಗೆಯನ್ನು ಹೊಗೆಗಂಟೆಯು ಅಗ್ನಿಯೆಂದೇ ಅನುಮಾನಿಸುತ್ತದೆ, ಮತ್ತು ಹೊಗೆಯಿಂದ ಅಗ್ನಿಯನ್ನು ಅನುಮಾನಿಸುವುದು ತರ್ಕದೃಷ್ಟಿಯಿಂದ ದೋಷವಲ್ಲ.

ಜಲವು ತ್ರಿಗುಣಾತ್ಮಕ: ಕುಡಿಯುವುದು ಸಾತ್ತ್ವಿಕ, ಬಚ್ಚಲಿನ ಗ್ರೇ ಟ್ಯಾಂಕಿನದು ರಾಜಸ, ಬ್ಲ್ಯಾಕ್ ಟ್ಯಾಂಕಿನದು ತಾಮಸ. ವಿಸರ್ಜನೆಯಲ್ಲಿ ತಾಮಸವು ಮೊದಲು, ರಾಜಸವು ಅನಂತರ. ಎರಡನೆಯದು ಮೊದಲನೆಯದರ ಕೊಳವೆಯನ್ನು ತೊಳೆಯುತ್ತದೆ. ತಾಮಸದ ಕವಾಟವನ್ನು ಸದಾ ತೆರೆದಿಡುವವನಿಗೆ ದ್ರವಾಂಶ ಹೊರಟು ಘನಾಂಶ ಉಳಿಯುತ್ತದೆ. ಇದರ ವಿಸ್ತಾರವನ್ನು ಭೋಜನಾನಂತರ ಓದುವವರ ಹಿತದೃಷ್ಟಿಯಿಂದ ಕೈಬಿಡಲಾಗಿದೆ.

ಉಳಿದದ್ದು ಅಧಿಕಾರಿನಿರ್ಣಯ. ಟ್ರೇಲರುಳ್ಳವನು ಸಿದ್ಧಾಧಿಕಾರಿ, ಬಾಡಿಗೆಗೆ ಪಡೆಯುವವನು ಭಾಟಕಾಧಿಕಾರಿ, ಟ್ರೇಲರೂ ಪಿಕಪ್ಪೂ ಇಲ್ಲದೆ ವರ್ಷವಿಡೀ ಎಕ್ಸೆಲ್ ಹಾಳೆಯಲ್ಲಿ ಮಾರ್ಗವನ್ನು ಬರೆಯುವವನು ಮಾನಸಾಧಿಕಾರಿ. ಮೂರನೆಯವನ ಯೋಜನೆಯು ಮೊಲದ ಕೊಂಬಿನಂತೆ ನಿರ್ವಿಷಯವೆಂದು ಪೂರ್ವಪಕ್ಷ. ಹಾಗಲ್ಲ. ಬಳಕೆಯ ಯಾವ ಟ್ರೇಲರಿನಲ್ಲಿಯೂ ಸಿಗದೆಂದ ಶುಷ್ಕಭಾರಕ್ಕೆ ಆಶ್ರಯವೊಂದು ಬೇಕಷ್ಟೆ. ಅದು ಮಾನಸಾಧಿಕಾರಿಯ ಟ್ರೇಲರಿನಲ್ಲಿ ಮಾತ್ರ ಲಭ್ಯ. ಮೇಲಾಗಿ ಆತನು ತಿಂಗಳ 15ರಂದು 7 ಗಂಟೆಗೆ ಸರಿಯಾಗಿ ಕಂಪ್ಯೂಟರಿನ ಮುಂದೆ ಕುಳಿತು, ಕಾಫಿಗೂ ಏಳದೆ, ಅತ್ಯುತ್ತಮ ಜಾಗವನ್ನು ಕಾದಿರಿಸುತ್ತಾನೆ. ಯಾನವು ಸಮೀಪಿಸಿದಾಗ ಶುಲ್ಕ ತೆತ್ತು ರದ್ದುಮಾಡುತ್ತಾನೆ. ಐದನೆಯ ಅಭಾವಕ್ಕೂ ಅದರ ನಾಶಕ್ಕೂ ಆತನೇ ನಿಮಿತ್ತಕಾರಣ. ಆತನಿಲ್ಲದಿದ್ದರೆ ಡಿಕಾಕ್ಷನ್ ಇಳಿಸಲು ಹೋದ ಸಿದ್ಧಾಧಿಕಾರಿಗೆ ಜಾಗವೇ ದೊರೆಯದು. ಆದುದರಿಂದ ಮೂವರಲ್ಲಿ ಮಾನಸಾಧಿಕಾರಿಗೆ ಪ್ರಥಮಸ್ಥಾನವೂ, ಭಾಟಕಾಧಿಕಾರಿಗೆ ದ್ವಿತೀಯಸ್ಥಾನವೂ, ಹೊರಡುವ ಮುನ್ನ ಟೈರು ಬದಲಿಸಬೇಕಾದ ಸಿದ್ಧಾಧಿಕಾರಿಗೆ ತೃತೀಯಸ್ಥಾನವೂ ವಿಹಿತ.