ಡಿಲೀಟ್ ಒತ್ತಲಾರದ ಭಾವ

ಬ್ಯಾಂಕಿನ ಕಾರ್ಡಿನಷ್ಟು ಪ್ರಾಮಾಣಿಕ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ತಾನು ಯಾವ ವರ್ಷ, ಯಾವ ತಿಂಗಳು ಕಣ್ಣು ಮುಚ್ಚುತ್ತೇನೆಂದು ಹುಟ್ಟುವಾಗಲೇ ಮೈಮೇಲೆ ಬರೆಸಿಕೊಂಡು ಬಂದಿರುತ್ತದೆ. ಬರೆದ ತಿಂಗಳ ಕೊನೆಯ ದಿನದ ತನಕ ದುಡಿದೇ ಹೋಗುತ್ತದೆ. ಇಷ್ಟಾದರೂ ಅದು ಹೋದ ಮಾರನೆಯ ದಿನ ನಾವು ಆಡುವ ಮಾತು ಒಂದೇ: "ನಿನ್ನೆ ತನಕ ಚೆನ್ನಾಗೇ ಇತ್ತಲ್ಲ!"

ನಮ್ಮ ಭಾವನಂತೂ ಈ ಮಾತಿನ ಪೀಠಾಧಿಪತಿ. ಆಡಿಟ್ ಕೆಲಸದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಬೇರೆಯವರ ವೋಚರಿನಲ್ಲಿ ತಾರೀಖು ತಪ್ಪಿದ್ದರೆ ಕೋಣೆಯ ಬಾಗಿಲಲ್ಲೇ ವಾಸನೆ ಹಿಡಿಯುತ್ತಿದ್ದರಂತೆ. ಸ್ವಂತ ಕಾರ್ಡಿನ ತಾರೀಖು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಬ್ಯಾಂಕಿನವರು ಹೊಸ ಕಾರ್ಡನ್ನು ಮುಂಚೆಯೇ ಕಳಿಸಿದ್ದರು. ಅದರ ಲಕೋಟೆ ಒಡೆಯಿಸಿಕೊಳ್ಳದೆ ದೇವರ ಮನೆಯ ಪಂಚಾಂಗದ ಕೆಳಗೆ ಕೂತಿತ್ತು. ಅಕ್ಕ ಅದರ ಬೆನ್ನ ಮೇಲೆ ಹಾಲಿನ ಲೆಕ್ಕ ಬರೆದಿದ್ದಳು.

ಮೊಬೈಲ್ ವಾಲೆಟ್ಟಿನಲ್ಲಿ ಹಳೆ ಕಾರ್ಡಿನ ಜಾಗಕ್ಕೆ ಹೊಸದನ್ನು ಕೂರಿಸಬೇಕು, ಅಷ್ಟೇ ಕೆಲಸ. ಭಾವ ಫೋನನ್ನು ನನ್ನ ಕೈಗಿಟ್ಟು, ಕನ್ನಡಕ ಒರೆಸುತ್ತಾ ಅಪ್ಪಣೆ ಕೊಟ್ಟರು: "ತಾರೀಖು ಒಂದು ತಿದ್ದು ಮಾರಾಯ. ಎರಡು ನಿಮಿಷದ ಕೆಲಸ."

ತಿದ್ದುವ ಬಟನ್ ಇದ್ದರೆ ತಾನೇ? 'ರಿಮೂವ್' ಇದೆ, 'ಆ್ಯಡ್' ಇದೆ, 'ಎಡಿಟ್' ಎಲ್ಲೂ ಇಲ್ಲ. ಹಳೆಯದನ್ನು ಡಿಲೀಟ್ ಮಾಡಿ ಹೊಸದನ್ನು ಮೊದಲಿಂದ ಸೇರಿಸಬೇಕು ಎಂದೆ. ಭಾವನ ಮುಖ ಇಳಿಯಿತು.

"ಅಳಿಸಿದರೆ ಅದರಲ್ಲಿದ್ದ ದುಡ್ಡು?"

"ದುಡ್ಡು ಕಾರ್ಡಲ್ಲಿಲ್ಲ ಭಾವ, ಖಾತೇಲಿದೆ."

"ಖಾತೆ?"

"ಬ್ಯಾಂಕಲ್ಲಿದೆ."

"ಬ್ಯಾಂಕು?"

ಈ ಮೂರನೆಯ ಪ್ರಶ್ನೆಗೆ ನಗಲು ಬಾಯಿ ಬರಲಿಲ್ಲ. ಕರ್ನಾಟಕದ ಬ್ಯಾಂಕುಗಳಲ್ಲಿ ದುಡ್ಡಿಟ್ಟವರಿಗೆ ಅದನ್ನು ಕೇಳುವ ಹಕ್ಕಿದೆ. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನೊಳಗೆ ಕರಗಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾ ಪಾಲಾಯಿತು. ಮರುವರ್ಷ ಅದೇ ತಾರೀಖಿಗೆ ಉಡುಪಿಯಲ್ಲಿ ಹುಟ್ಟಿದ ಎರಡೂ ಹೊರಟವು. ಸಿಂಡಿಕೇಟ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಹಣಕಾಸು ವರ್ಷ ಶುರುವಾಗುವ ದಿನ ಅದು ಅಂತ ನಮಗೂ ಗೊತ್ತು, ಆದರೂ ಮೂರು ಸಲವೂ ಏಪ್ರಿಲ್ ಒಂದೇ ಆಗಬೇಕಿತ್ತೆ? ಭಾವ ಈ ನಾಲ್ಕರಲ್ಲಿ ಒಂದರ ಹಳೆ ಗ್ರಾಹಕರು. ಯಾವುದೆಂದು ಬರೆದರೆ ಇನ್ನು ಮೇಲೆ ಊಟಕ್ಕೆ ಕರೆಯುವುದಿಲ್ಲ ಎಂದಿದ್ದಾರೆ. ಅವರ ಹಿಂದಿನ ಕಾರ್ಡು ಬದಲಾದದ್ದೇ ಹಾಗೆ: ಕಾರ್ಡಿಗೆ ಇನ್ನೂ ಆಯುಷ್ಯ ಇತ್ತು, ಬ್ಯಾಂಕಿಗೆ ಇರಲಿಲ್ಲ.

ಬ್ಯಾಂಕಿನ ಮಾತು ಬಂದರೆ ಭಾವ ನೇರ ಪಿಗ್ಮಿಗೆ ಹೋಗುತ್ತಾರೆ. ಸಿಂಡಿಕೇಟಿನವರು 1928ರಲ್ಲಿ ಶುರು ಮಾಡಿದ ಯೋಜನೆ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದ. "ಪಿಗ್ಮಿಯವ ಮುಖ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಮಾರಾಯ. ಒಂದು ದಿನವಾದರೂ ಓಟಿಪಿ ಕೇಳಿದ್ದುಂಟಾ?"

ಅಡುಗೆಮನೆಯಿಂದ ಅಕ್ಕ: "ರೀ, ಅವನಿಗೆ ದುಡ್ಡು ಕೊಡ್ತಾ ಇದ್ದದ್ದು ನಿಮ್ಮಮ್ಮ. ನೀವು ಅವನ ಸೈಕಲ್ಲಿನ ಬೆಲ್ ಹೊಡೀತಾ ಇದ್ರಂತೆ. ಅತ್ತೆನೇ ಹೇಳಿದಾರೆ."

ಪಿಗ್ಮಿ ಅಧ್ಯಾಯ ಅಲ್ಲಿಗೆ ಮುಗಿಯಿತು. ನಾನು ಡಿಲೀಟಿಗೆ ಮರಳಿದೆ.

ವಾಲೆಟ್ಟಿನಲ್ಲಿ ತಿದ್ದುವ ಬಟನ್ ಇಲ್ಲದಿರುವುದಕ್ಕೆ ಕಾರಣ ಸರಳ: ತಿದ್ದಲು ಅಲ್ಲಿ ಕಾರ್ಡಿನ ನಂಬರೇ ಇಲ್ಲ. 2022ರ ಅಕ್ಟೋಬರ್ 1ರಿಂದ, ಕಾರ್ಡು ಕೊಟ್ಟ ಬ್ಯಾಂಕು ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇ ತರಹದ ಜಾಲದವರು ಬಿಟ್ಟು ಬೇರೆ ಯಾರೂ ನಮ್ಮ ಪೂರ್ತಿ ನಂಬರನ್ನು ಇಟ್ಟುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕ್ ಕಟ್ಟು ಮಾಡಿದೆ. ಉಳಿದವರಿಗೆ ಸಿಗುವುದು ಒಂದು ಟೋಕನ್, ಗುರುತಿಗೆ ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ತಗಡಿನ ಬಿಲ್ಲೆ ಇಸ್ಕೊಳ್ತೀವಲ್ಲ, ಅದೇ ಸಂಗತಿ. ಬಿಲ್ಲೆ ಕದ್ದವನು ಅದನ್ನು ಕಾಲಿಗೆ ಹಾಕಿಕೊಂಡು ನಡೆಯಲಾರ. ಬೇರೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ತೋರಿಸಿದರೆ ಉಗಿಸಿಕೊಂಡು ಬರಬೇಕು. ಒಂದೊಂದು ಅಂಗಡಿಗೂ ಒಂದೊಂದು ಬಿಲ್ಲೆ. ಹೊಸ ಕಾರ್ಡು ಬಂದರೆ ಅದನ್ನು ಎಲ್ಲೆಲ್ಲಿ ಜೋಡಿಸಬೇಕೋ ಅಲ್ಲೆಲ್ಲ ನಾವೇ ಮತ್ತೆ ಒಪ್ಪಿಗೆ ಕೊಡಬೇಕು.

ಇದನ್ನು ಕೇಳಿ ಭಾವ ಬೈಯುತ್ತಾರೆ ಅಂದುಕೊಂಡಿದ್ದೆ. ಅವರೊಳಗಿನ ಆಡಿಟರ್ ಎದ್ದು ಕೂತರು. "ಸರಿಯೇ ಉಂಟು. ಪಾಸಾದ ವೋಚರು ತಿದ್ದಬಾರದು. ರದ್ದು ಮಾಡಿ ಹೊಸದು ಬರೆಯಬೇಕು." ತತ್ವಕ್ಕೆ ಒಪ್ಪಿಗೆ ಸಿಕ್ಕಿತು. ಬೆರಳು ಮಾತ್ರ ಬಟನ್ನಿನ ಮೇಲೆ ಇಳಿಯಲೊಲ್ಲದು. ಎದ್ದು ಹೋಗಿ ಪಂಚಾಂಗದಲ್ಲಿ ರಾಹುಕಾಲ ನೋಡಿ ಬಂದರು. ಅದು ಕಳೆಯುವ ತನಕ ಕಾಫಿ.

ಹೊಸ ಕಾರ್ಡಿನ ನಂಬರನ್ನು ತಾವೇ ಒತ್ತುತ್ತೇನೆಂದು ಹಟ. ಒಂದೇ ಬೆರಳು, ಹದಿನಾರು ಅಂಕಿ, ಒಂದೊಂದನ್ನೂ ಬೀದಿಗೆ ಕೇಳುವಂತೆ ಓದಿ. ಕೊನೆಯ ಅಂಕಿ ಒತ್ತಿದ್ದೇ ತಡ, ಕೆಂಪಕ್ಷರ: ನಂಬರು ತಪ್ಪು. ಭಾವ ದಂಗಾದರು. "ಬ್ಯಾಂಕಿಗೆ ಇಷ್ಟು ಬೇಗ ಗೊತ್ತಾಯಿತಾ?"

ಬ್ಯಾಂಕಿಗೆ ಸುದ್ದಿಯೇ ಹೋಗಿಲ್ಲ. ಕಾರ್ಡಿನ ಕೊನೆಯ ಅಂಕಿ ಉಳಿದ ಹದಿನೈದನ್ನು ಕಾಯುವ ಅಂಕಿ. ಐಬಿಎಂ ಕಂಪನಿಯಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಎಂಬವರು 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಲೆಕ್ಕ ಇದು. ಪೇಟೆಂಟ್ ಕೈಗೆ ಬಂದದ್ದು 1960ರಲ್ಲಿ. ಬಲಗಡೆಯ ಕೊನೆಯ ಅಂಕಿ ಬಿಟ್ಟು ಎಡಕ್ಕೆ ನಡೆಯುತ್ತಾ ಒಂದು ಬಿಟ್ಟು ಒಂದನ್ನು ದುಪ್ಪಟ್ಟು ಮಾಡಬೇಕು. ಒಂಬತ್ತು ದಾಟಿದರೆ ಒಂಬತ್ತು ಕಳೆಯಬೇಕು. ಎಲ್ಲ ಕೂಡಿಸಿದ ಮೊತ್ತದ ಕೊನೆಗೆ ಸೊನ್ನೆ ಬರಬೇಕು. ಯಾವುದೇ ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಭಾವ ಪೆನ್ಸಿಲ್ ಹಿಡಿದು, ಲಕೋಟೆಯ ಬೆನ್ನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ ಕೂಡಲು ಕೂತಿದ್ದರು. ಸೊನ್ನೆ ಬಂತು. ಮುಖ ಅರಳಿತು. ನಿವೃತ್ತಿಯಾದ ಮೇಲೆ ಅವರನ್ನು ಅಷ್ಟು ಸುಖವಾಗಿ ನೋಡಿದ ನೆನಪಿಲ್ಲ. ಅಕ್ಕಪಕ್ಕದ 0 ಮತ್ತು 9 ಅದಲುಬದಲಾದರೆ ಈ ಲೆಕ್ಕಕ್ಕೆ ಗೊತ್ತಾಗುವುದಿಲ್ಲ ಎಂದು ನಾನು ಸೇರಿಸಿದ್ದೇ ತಪ್ಪಾಯಿತು. ಲೂನ್ ಸಾಹೇಬರ ಮೇಲೆ ಅಲ್ಲೇ ಒಂದು ಆಕ್ಷೇಪಣೆ ದಾಖಲಾಯಿತು. ಅಕ್ಕ ಬಂದು, ನಂಬರು ಬರೆದ ಅರ್ಧ ಹರಿದು ಒಲೆಗೆ ಹಾಕಿ, ಹಾಲಿನ ಲೆಕ್ಕದ ಅರ್ಧ ಒಳಗೆ ಒಯ್ದಳು.

ಹೆಸರಿನ ಕಾಲಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿನ ಹೆಸರಿನ ಇನಿಷಿಯಲ್ಲು, ಅಪ್ಪನ ಹೆಸರಿನ ಇನಿಷಿಯಲ್ಲು, ಆಮೇಲೆ ತಮ್ಮ ಹೆಸರು ಇರುವ ಕನ್ನಡಿಗನಿಗೆ 'ಲಾಸ್ಟ್ ನೇಮ್' ಕಡ್ಡಾಯ ಎಂದರೆ ಏನಾಗಬೇಕೋ ಅದೇ ಆಯಿತು.

ಇಷ್ಟಾದರೂ ಕಾರ್ಡು ಒಳಗೆ ಹೋಗಲಿಲ್ಲ. ಈ ಸಲ ತಿರಸ್ಕರಿಸಿದ್ದು ನಿಜವಾಗಿ ಬ್ಯಾಂಕೇ. ಹೊಸ ಕಾರ್ಡಿಗೆ ಆನ್‌ಲೈನ್ ಬಾಗಿಲು ಮುಚ್ಚಿಯೇ ಕಳಿಸಬೇಕು, ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರ ಮಾತ್ರ ತೆರೆದಿರಬೇಕು, ಅದೂ ದೇಶದೊಳಗೆ ಮಾತ್ರ ಎಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತ್ತು. ಬೇಕಾದವರು ಬ್ಯಾಂಕಿನ ಆ್ಯಪಿನಲ್ಲೋ ಎಟಿಎಂನಲ್ಲೋ ತಾವೇ ತೆರೆದುಕೊಳ್ಳಬೇಕು. ಒಳ್ಳೆಯ ನಿಯಮ, ಅನುಮಾನವೇ ಇಲ್ಲ. ಆದರೆ ಈ ಒಂದು ಸಾಲನ್ನು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲು ಯಾವ ಮುಹೂರ್ತ ಕಾಯುತ್ತಿದ್ದಾರೋ. ಒಳಗಿದ್ದ ಕಾಗದದಲ್ಲಿ ಅದು ಇತ್ತು, ಇರುವೆಗೆ ಓದಲು ಸಾಧ್ಯವಾಗುವ ಅಕ್ಷರದಲ್ಲಿ.

ಬಾಗಿಲು ತೆರೆದಾಯಿತು. ಓಟಿಪಿ ಬಂತು. "ಎಷ್ಟು ಭಾವ?" ಎಂದೆ.

ಭಾವ ಮೆಸೇಜನ್ನು ಮೊದಲಿನಿಂದ ಕೊನೆಯ ತನಕ ಓದಿದರು. ಫೋನನ್ನು ಎದೆಗೆ ಒತ್ತಿ ಹಿಡಿದರು. "ಯಾರಿಗೂ ಹೇಳಬಾರದು ಅಂತ ಬರೆದಿದ್ದಾರೆ."

"ನಾನು ನಿಮ್ಮ ಭಾಮೈದ!"

"ಭಾಮೈದನಿಗೆ ಹೇಳಬಹುದು ಅಂತ ಬರೆದಿಲ್ಲ."

ಗೋಡೆಯ ಕಡೆ ತಿರುಗಿ ತಾವೇ ಒತ್ತಲು ನಿಂತರು. ಹಾಕಿ ಮುಗಿಸುವಷ್ಟರಲ್ಲಿ ಅದರ ಸಮಯ ಮುಗಿದಿತ್ತು. ಎರಡನೆಯದು ಬಂತು, ಅದಕ್ಕೂ ಗೋಡೆಯೇ ಗತಿ. ನನಗೆ ಸಿಟ್ಟು ಬಂದದ್ದು ನಿಜ, ಆದರೆ ಭಾವ ಸರಿ. ಈ ದೇಶದಲ್ಲಿ "ನಿಮ್ಮ ಕಾರ್ಡ್ ಅಪ್‌ಡೇಟ್ ಮಾಡಿಕೊಡ್ತೀನಿ ಸರ್" ಎಂದು ತಾನಾಗಿ ಫೋನ್ ಮಾಡುವವನು ಒಬ್ಬನೇ, ಅವನು ಕಳ್ಳ. ಬ್ಯಾಂಕಿಗೆ ನಾವೇ ಫೋನ್ ಮಾಡಿದರೆ 'ಕನ್ನಡಕ್ಕಾಗಿ ಎರಡನ್ನು ಒತ್ತಿ' ಎಂದು ಶುರುವಾಗಿ ವೀಣಾವಾದನದಲ್ಲಿ ಮುಗಿಯುತ್ತದೆ. ಕಳ್ಳನ ಕಡೆ ಆ ತೊಂದರೆಯಿಲ್ಲ. ಮೊದಲ ರಿಂಗಿಗೇ ಮನುಷ್ಯ, ಬಾಯಿ ತುಂಬ 'ಸರ್', ಊಟ ಆಯ್ತಾ ಎಂಬ ವಿಚಾರಣೆ ಬೇರೆ. ಕೆವೈಸಿ ಮುಗಿದಿದೆ, ಇವತ್ತು ರಾತ್ರಿ ವಾಲೆಟ್ ಬಂದ್ ಎನ್ನುತ್ತಾನೆ. ಅಂಥವನ ಬಾಯಿಗೆ ಬಿದ್ದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಭಾವನಿಗೆ ಮಾತ್ರ ಅದರ ಅಗತ್ಯ ಬೀಳಲಾರದು. ಅವರಿಂದ ಓಟಿಪಿ ಹೊರಡಿಸುವ ಕಳ್ಳ ಇನ್ನೂ ಹುಟ್ಟಿಲ್ಲ.

ಕೊನೆಗೂ ಹಸಿರು ಟಿಕ್ಕು ಬಿತ್ತು. ಬೆನ್ನಿಗೇ ಮೆಸೇಜು: ಖಾತೆಯಿಂದ ಎರಡು ರೂಪಾಯಿ ಕಡಿತ. ಕಾರ್ಡಿಗೆ ಜೀವ ಇದೆಯಾ ಎಂದು ನೋಡಲು ಹಾಗೆ ಒಂದೆರಡು ರೂಪಾಯಿ ಎಳೆದು ವಾಪಸ್ ಕೊಡುವ ಪದ್ಧತಿ ಎಂದೆ. "ವಾಪಸ್ ಯಾವತ್ತು?" "ಬರುತ್ತೆ ಭಾವ." "ಬರುತ್ತೆ ಎನ್ನುವುದು ತಾರೀಖಲ್ಲ." ಡೈರಿಯಲ್ಲಿ 'ಬರತಕ್ಕ ಬಾಕಿ' ಎಂಬ ತಲೆಬರಹದ ಕೆಳಗೆ ಬರೆದು, ಅಡಿಗೆರೆ ಎಳೆದರು.

ಆಗ ನಾನು ಹೇಳಬಾರದಿತ್ತೇನೋ, ಹೇಳಿದೆ. ಭಾವ ದಿನಾ ತರಕಾರಿಗೆ, ಹೂವಿಗೆ, ದರ್ಶಿನಿಯ ಕಾಫಿಗೆ ಕ್ಯೂಆರ್ ಸ್ಕ್ಯಾನ್ ಮಾಡುವುದು ಯುಪಿಐನಲ್ಲಿ. ಅದು ನೇರ ಖಾತೆಗೆ ಕೊಂಡಿ ಹಾಕಿಕೊಂಡಿದೆ, ಕಾರ್ಡಿಗಲ್ಲ. ಕಾರ್ಡು ಸತ್ತರೂ ಅದು ಓಡುತ್ತಲೇ ಇರುತ್ತದೆ. ಪಿನ್ ಮರೆತು ಹೊಸದು ಹಾಕುವಾಗ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ತಾರೀಖು ಕೇಳಬಹುದು, ಅಷ್ಟೇ. ಒಂದೇ ಆ್ಯಪಿನೊಳಗೆ ಯುಪಿಐ ಬೇರೆ, ಮುಂಗಡ ದುಡ್ಡು ತುಂಬಿಡುವ ವಾಲೆಟ್ ಬೇರೆ, ಸೇವ್ ಮಾಡಿದ ಕಾರ್ಡು ಬೇರೆ.

"ಹಾಗಾದರೆ ನಾವು ಬೆಳಗಿನಿಂದ ಮಾಡಿದ್ದು ಎಂತದಕ್ಕೆ?"

"ಅಕ್ಕನ ಧಾರಾವಾಹಿ ಆ್ಯಪಿಗೆ. ಅದರ ಚಂದಾ ಮಾತ್ರ ಈ ಕಾರ್ಡಿಂದ ತಾನಾಗಿ ಹೋಗ್ತಿತ್ತು."

ಹೀಗೆ ತಾನಾಗಿ ಹೋಗುವ ದುಡ್ಡಿಗೂ 2021ರ ಅಕ್ಟೋಬರಿನಿಂದ ಬೇರೆ ಕಟ್ಟಳೆ ಇದೆ: ಮೊದಲ ಸಲ ಒಪ್ಪಿಗೆ, ಪ್ರತಿ ಸಲ ಎಳೆಯುವ 24 ಗಂಟೆ ಮುಂಚೆ ಸೂಚನೆ, 15,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಮತ್ತೆ ಓಟಿಪಿ. ಹಳೆ ಕಾರ್ಡಿನ ಮೇಲೆ ಕೊಟ್ಟ ಒಪ್ಪಿಗೆಯನ್ನು ಹೊಸದರ ಮೇಲೆ ಮತ್ತೆ ಕೊಡಬೇಕು, ಈಗಲೇ ಮಾಡಿಬಿಡೋಣ ಎಂದು ಆ್ಯಪ್ ತೆರೆದೆ. ಭಾವ ಗೋಡೆಯ ಕಡೆ ತಿರುಗಲು ಸಿದ್ಧರಾದರು.

"ಬೇಡ ಬಿಡೋ," ಎಂದು ಅಕ್ಕ ಸೊಪ್ಪು ಬಿಡಿಸುತ್ತಲೇ ಹೇಳಿದಳು. "ಚಂದಾ ನಿಂತ ದಿನವೇ ನನ್ನ ಕಾರ್ಡ್ ಹಾಕ್ಕೊಂಡೆ. ಇಲ್ಲದಿದ್ರೆ ಈ ವಾರದ ಕಂತು ನೋಡ್ತಿದ್ದೆನಾ?"

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಆ ಎರಡು ರೂಪಾಯಿ ಬಂತಾ ನೋಡು" ಎಂದರು.