ನೀರು ಬದಲಾಯಿಸಿ ಎಷ್ಟು ದಿನ ಆಯ್ತು?

ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರೋ ಮೈಸೂರಲ್ಲಿ, ಅದೂ ಕುವೆಂಪುನಗರದ ಹಾಲ್‌ನಲ್ಲಿ ನಿಮಗೆ ಅರಬ್ಬಿ ಸಮುದ್ರ ಬೇಕಾಗಿತ್ತು. ತಂದಿದ್ದೂ ಆಯ್ತು. 200 ಲೀಟರ್ ಟ್ಯಾಂಕು, ನೀಲಿ ಲೈಟು, ಜೋಡಿ ನೀಮೋ ಮೀನು. (ಒಳಗೆ ಗಡಸು ಹವಳ ಇದ್ರೆ ಮೆಲ್ಲಗೆ ಹೇಳಿ. 1972ರ ವನ್ಯಜೀವಿ ಕಾಯ್ದೇಲಿ ಅದು ಹುಲಿ ಇರೋ ಶೆಡ್ಯೂಲಿನಲ್ಲೇ ಇದೆ.)

ಈಗ ಸಿಕ್ಕಿದೋರನ್ನೆಲ್ಲ ನಿಲ್ಲಿಸಿ ಕೇಳ್ತೀರಿ, ನೀರು ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ಬೇಕು ಅಂತ. ವಾರಕ್ಕೆ 10 ಪರ್ಸೆಂಟು, ಇಲ್ಲಾಂದ್ರೆ ಹದಿನೈದು ದಿನಕ್ಕೆ 20. ಯಾಕ್ರೀ, ಮುಖ ಸಪ್ಪಗಾಯ್ತು? ‘ನೆಂಟರು ಬಂದಾಗ ಸಾಕು’ ಅನ್ನೋ ಪುಣ್ಯಾತ್ಮ ಸಿಗೋ ತನಕ ನೀವು ಕೇಳ್ತಾನೇ ಇರ್ತೀರಿ, ಬಿಡಿ.

‘ಕಮ್ಮಿ ಆದಷ್ಟು ದಿನಾ ತುಂಬಿಸ್ತೀನಲ್ಲ!’ ಅಂತೀರಿ. ಅದು ಟಾಪ್‌ಅಪ್ಪು ಸ್ವಾಮಿ, ಬದಲಾಯಿಸೋದಲ್ಲ. ಆವಿಯಾಗೋದು ನೀರು, ಉಪ್ಪು ಅಲ್ಲೇ ಕೂತಿರುತ್ತೆ. ಅದಕ್ಕೇ ಬರೀ ಆರ್‌ಓ ನೀರು ಹಾಕ್ಬೇಕು, ಉಪ್ಪುನೀರು ಸುರಿದ್ರೆ ನೀಮೋಗೆ ಉಪ್ಪಿನಕಾಯಿ ಜಾಡೀಲಿ ಸಂಸಾರ! ಇನ್ನು ನಲ್ಲಿಗೇ ಪೈಪ್ ಹಚ್ಚೋ ಧೀರರಿಗೆ ಒಂದು ಮಾತು. ಕಾವೇರಿ ನಮಗೆ ಅಮೃತ, ಆದ್ರೆ ಅದಕ್ಕೆ ಹಾಕಿರೋ ಕ್ಲೋರಿನ್ನು ಮೀನಿಗೆ ವಿಷ. (ಬೋರ್‌ವೆಲ್ ನೀರಾ? ನಿಮ್ಮ ಗೀಸರ್ ಕಾಯಿಲ್ ನೋಡಿ, ಆಮೇಲೆ ಮಾತಾಡಿ.)

ನಿಜವಾದ ಕೆಲಸ ಅಂದ್ರೆ ಹಿಂದಿನ ರಾತ್ರೀನೇ 20 ಲೀಟರ್ ಆರ್‌ಓ ನೀರಿಗೆ ಮುಕ್ಕಾಲು ಕೆಜಿ ಹತ್ತಿರ ಮರೈನ್ ಸಾಲ್ಟ್ ಹಾಕಿ (ಅಡುಗೆಮನೆ ಅಯೋಡೈಸ್ಡ್ ಉಪ್ಪಲ್ಲ!) ಪಂಪ್ ತಿರುಗಿಸಿಡೋದು. ಬೆಳಿಗ್ಗೆ ಟ್ಯಾಂಕಿನಷ್ಟೇ ಬೆಚ್ಚಗಿದೆಯಾ, ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.025 ಹತ್ತಿರ ತೋರಿಸುತ್ತಾ ನೋಡೋದು. ಆ ಮೀಟರು ನಿಮ್ಮನೇಲೂ ಇದೆ. ಡಬ್ಬದಲ್ಲಿ. ಸೀಲ್ ಸಮೇತ.

ಸರಿ, 10 ಪರ್ಸೆಂಟು ಬದಲಾಯಿಸಿದ್ರಿ ಅಂತಿಟ್ಕೊಳ್ಳಿ. ನೀರಲ್ಲಿ ಸೇರ್ಕೊಂಡಿರೋ ಕೊಳೆ, ಅಂದ್ರೆ ನೈಟ್ರೇಟು, 40 ಪಿಪಿಎಂ ಇದ್ದಿದ್ದು ಎಷ್ಟಾಗುತ್ತೆ? 36. ಅಷ್ಟೇ ಕಣ್ರೀ! ಅರ್ಧಕ್ಕೆ ಇಳೀಬೇಕಾದ್ರೆ ಅರ್ಧ ಟ್ಯಾಂಕೇ ಹೊರಗೆ ಹೋಗ್ಬೇಕು.

ಆ 40 ಬಂದಿದ್ದಾದ್ರೂ ಎಲ್ಲಿಂದ? ಬೆಳಿಗ್ಗೆ ನೀವು ಒಂದು ಚಿಟಿಕೆ ಫುಡ್ ಹಾಕ್ತೀರಿ. ಮಧ್ಯಾಹ್ನ ಅಜ್ಜಿ ‘ಪಾಪ, ಬಾಯಿ ಬಾಯಿ ಬಿಡ್ತಿದೆ’ ಅಂತ ಇನ್ನೊಂದು. (ಅಜ್ಜಿ, ಅದು ಉಸಿರಾಡ್ತಿದೆ.) ಸಂಜೆ ಮಗು ಸ್ಕೂಲಿಂದ ಬಂದು ಮುಷ್ಟಿ ತುಂಬ. ತಿಂದಿದ್ದು, ಬಿಟ್ಟಿದ್ದು ಎಲ್ಲಾ ಕೊಳೆತು ಅಮೋನಿಯಾ ಆಗಿ ಕೊನೆಗೆ ನೈಟ್ರೇಟ್ ಆಗುತ್ತೆ. ಮೂರು ಕೈ ಸುರೀತಾ ಇದ್ರೆ ಒಂದು ಬಕೆಟ್ ಏನು ಮಾಡೀತು?

ನೀರೇ ಬದಲಾಯಿಸದ ಜರ್ಮನಿಯ ಟ್ರೈಟನ್ ಪದ್ಧತಿ ಅಂತ ಒಂದಿದೆ. ಕೇಳಿದ ತಕ್ಷಣ ಕಣ್ಣು ಅರಳ್ತಲ್ಲ! ಪಾಚಿ ಬೆಳೆಸೋ ಬೇರೆ ತೊಟ್ಟಿ, ದಿನಾ ಅಳತೆ ಪ್ರಕಾರ ಖನಿಜ, ಲ್ಯಾಬಿಗೆ ನೀರು ಕಳಿಸೋದು, ಇವೆಲ್ಲ ಅದರ ಜೊತೇಲೇ ಬರುತ್ತೆ. ಡಬ್ಬದ ಸೀಲೇ ಒಡೆಯದೋರಿಗೆ ಅದು ಯಾಕೆ ಹೇಳಿ?

ಮೊದಲು ಆ ಫುಡ್ ಡಬ್ಬ ಬೀರುವಿಗೆ ಸೇರಿಸಿ, ಬೀಗ ಹಾಕಿ. ಬೀಗದ ಕೈ ಅಜ್ಜಿ ಹತ್ರ ಬೇಡ, ನಿಮ್ಮ ಹತ್ರಾನೂ ಬೇಡ.